ಕಾಲುಗಂಟಿನ ಲೇಸ್ ಬ್ರೇಸ್: ದುಡ್ಡಿಗೆ ಮೋಸವಿಲ್ಲ, ಆದರೆ ‘ಕಾಕಾ ಇಳೀಬೇಕೋ ಬ್ಯಾಡೋ’ ಅನ್ನೋದಕ್ಕೆ ಅದು ಉತ್ತರ ಅಲ್ಲ

ಬೆಳಗಾವಿಯಲ್ಲಿ ಮಳೆ ಹಿಂದೆ ಸರಿದು ಸಿಮೆಂಟ್ ಕೋರ್ಟಿನ ಪಾಚಿ ಒಣಗಿತು ಅಂದರೆ ಬಾಸ್ಕೆಟ್‌ಬಾಲ್ ಟೂರ್ನಮೆಂಟಿನ ಮಾತು ಶುರು. ಅದರ ಬೆನ್ನಿಗೇ ಹಳೆಯ ವಾದವೂ ಶುರು. ಒಂದೊಂದು ತಂಡದಲ್ಲೂ ನಲವತ್ತರ ಆಚೀಚಿನ ಪಿವಟ್ ಒಬ್ಬ, ಅಂದರೆ ಬೋರ್ಡ್ ಕೆಳಗೆ ನಿಲ್ಲುವ ಆಟಗಾರ, ಇದ್ದೇ ಇರುತ್ತಾನೆ. ಹುಡುಗರಿಗೆ ಅವನು ‘ಕಾಕಾ’. ಓಟ ಕಡಿಮೆ, ಜಾಗ ಹಿಡಿಯುವ ಬುದ್ಧಿ ಜಾಸ್ತಿ. ಹೋದ ಸಲ ರಿಬೌಂಡಿಗೆ, ಬೋರ್ಡಿಗೆ ಬಡಿದು ಬಂದ ಚೆಂಡಿಗೆ, ಹಾರಿ ಯಾರದೋ ಬೂಟಿನ ಮೇಲೆ ಇಳಿದು ಕಾಲು ಉಳುಕಿಸಿಕೊಂಡು ಕೂತಿರುತ್ತಾನೆ. ‘ಕಾಕಾ ಇಲ್ಲಂದ್ರ ಬೋರ್ಡ್ ಕೆಳಗ ಯಾರ ನಿಂದರತಾರ?’ ಅಂತ ಒಬ್ಬ. ‘ಬ್ಯಾಡೋ ಮಾರಾಯ, ಈ ಸಲ ಹೋತಂದ್ರ ಕಾಲ ಪೂರಾ ಹೋಗತೈತಿ’ ಅಂತ ಇನ್ನೊಬ್ಬ. ಆಮೇಲೆ ಮೂರನೆಯವನು ಬಂದು ವಾದ ಮುಗಿಸುತ್ತಾನೆ: ‘ಒಂದ್ ಬೆಲ್ಟ್ ಕಟ್ಟಸ್ರಿ, ಆಡ್ತಾರ.’

ಆ ಮೂರನೆಯವನ ಬೆಲ್ಟಿನ ವಿಮರ್ಶೆ ಇದು. ಅಂಗಡಿಯಲ್ಲಿ ‘ಬೆಲ್ಟ್’ ಅಂದರೆ ನಾಲ್ಕು ಬೇರೆ ಬೇರೆ ವಸ್ತು ಕೈಗೆ ಬರುತ್ತವೆ. ನಾಲ್ಕರಲ್ಲಿ ಒಂದು ಮಾತ್ರ ಈ ಕೆಲಸಕ್ಕೆ ಸರಿ, ಆ ಒಂದಕ್ಕೂ ಎರಡು ಷರತ್ತಿವೆ.

ಮೊದಲನೆಯದು ಎಳೆದು ಹಾಕುವ ಎಲಾಸ್ಟಿಕ್ ಆ್ಯಂಕ್ಲೆಟ್, ಕಾಲುಚೀಲದಂಥದ್ದು. ಟೈನರ್, ವಿಸ್ಕೋ, ಫ್ಲೆಮಿಂಗೊ ಹೆಸರಿನವು ಯಾವ ಮೆಡಿಕಲ್ ಅಂಗಡಿಯಲ್ಲೂ ಸಿಗುತ್ತವೆ, ನೂರರ ಲೆಕ್ಕದ ಬೆಲೆ. ಬಾವು ಸ್ವಲ್ಪ ಅದುಮಿಡುತ್ತದೆ, ಬೆಚ್ಚಗಿಡುತ್ತದೆ, ಅಲ್ಲಿ ಗಾಯವಿದೆ ಅನ್ನುವ ನೆನಪು ಕೊಡುತ್ತದೆ. ಆಫೀಸಿಗೆ, ಸಂತೆಗೆ ಹೋಗಿ ಬರಲು ಸಾಕು. ಪಾದ ಒಳಮಗ್ಗಲಿಗೆ ಮಡಚಿಕೊಳ್ಳುವುದನ್ನು ಮಾತ್ರ ಅದು ತಡೆಯುವುದಿಲ್ಲ. ಕೈಯಲ್ಲೇ ಪರೀಕ್ಷೆ ಮಾಡಬಹುದು: ಹಾಕಿಕೊಂಡು ಕೂತು, ಪಾದವನ್ನು ಕೈಯಿಂದ ಒಳಗೆ ಹೊರಳಿಸಿ ನೋಡಿ. ಬರಿಗಾಲು ಎಷ್ಟು ಹೊರಳುತ್ತಿತ್ತೋ ಅಷ್ಟೇ ಹೊರಳಿದರೆ ಅದು ಆಟದ ಸಾಮಾನಲ್ಲ.

ಎರಡನೆಯದು ಬಿಳಿ ಗಟ್ಟಿ ಟೇಪ್, 38 ಮಿಲಿಮೀಟರ್ ಅಗಲದ್ದು. ಕಟ್ಟಲು ಗೊತ್ತಿರುವವರ ಕೈಯಲ್ಲಿ ಇದರಷ್ಟು ಚೆನ್ನಾಗಿ ಕಾಲಿಗೆ ಅಂಟಿ ಕೂರುವುದು ಬೇರೆ ಇಲ್ಲ. ಮೇಲೆ ಕೆಳಗೆ ಆಧಾರದ ಸುತ್ತು, ಒಳಗಿನಿಂದ ಅಂಗಾಲಿನಡಿ ಹೊರಗೆ ಎಳೆಯುವ ಮೂರು ಪಟ್ಟಿ, ಆಮೇಲೆ ಹಿಮ್ಮಡಿಯನ್ನು ಎರಡೂ ಕಡೆಯಿಂದ ಬಿಗಿಯುವ ಸುತ್ತು. ಕಷ್ಟ ಏನೆಂದರೆ ಆಟ ಶುರುವಾಗಿ ಇಪ್ಪತ್ತು ಮೂವತ್ತು ನಿಮಿಷದಲ್ಲಿ ಬೆವರಿಗೆ, ಓಟಕ್ಕೆ ಅದು ಸಡಿಲುತ್ತದೆ. ಹತ್ತು ನಿಮಿಷದ ನಾಲ್ಕು ಕ್ವಾರ್ಟರ್, ನಡುವೆ ಹಾಫ್‌ಟೈಮ್, ಅದಕ್ಕೂ ಮುಂಚೆ ವಾರ್ಮ್‌ಅಪ್. ಕೊನೆಯ ಕ್ವಾರ್ಟರಿನಲ್ಲಿ, ಕಾಲು ದಣಿದು ಆಸರೆ ಬೇಕಾದ ಹೊತ್ತಿಗೇ, ಟೇಪಿನ ಬಿಗಿ ಇರುವುದಿಲ್ಲ. ಮೇಲಾಗಿ ಪ್ರತಿ ಆಟಕ್ಕೂ ಹೊಸ ರೋಲ್ ಬೇಕು, ಕಟ್ಟುವವನೂ ಬೇಕು. ತಂಡಕ್ಕೊಬ್ಬ ಫಿಸಿಯೋ ಇರುವ ಕಡೆ ಸರಿ. ನಮ್ಮಲ್ಲಿ ಮ್ಯಾನೇಜರನೇ ಸ್ಕೋರ್‌ಶೀಟ್ ಬರೆದು ನೀರೂ ತರುತ್ತಾನೆ. ಬಣ್ಣಬಣ್ಣದ ಹಿಗ್ಗುವ ಟೇಪಿನದು ಬೇರೆ ಕಥೆ. ಅದು ಹಿಗ್ಗುವುದೇ ಅದರ ಗುಣ, ಹಿಗ್ಗುವುದು ಕೀಲನ್ನು ಹಿಡಿದಿಡಲಾರದು.

ಮೂರನೆಯದು ಎರಡೂ ಪಕ್ಕ ಗಟ್ಟಿ ಪ್ಲಾಸ್ಟಿಕ್ ಇರುವ ಬ್ರೇಸ್. ಅಮೆರಿಕದ ಎನ್‌ಬಿಎ ಲೀಗಿನ ತಾರೆ ಸ್ಟೀಫನ್ ಕರಿ ಕಾಲಲ್ಲಿ ನೋಡಿ ನಮ್ಮ ಹುಡುಗರು ಕೇಳಿಕೊಂಡು ಬರುವ ಝಾಮ್‌ಸ್ಟ್ ಎ2-ಡಿಎಕ್ಸ್ ಈ ಜಾತಿಯದು. ಎಡಕ್ಕೆ ಬೇರೆ, ಬಲಕ್ಕೆ ಬೇರೆ. ಹಿಡಿತ ಗಟ್ಟಿ, ಬೆಲೆಯೂ ಗಟ್ಟಿ, ಬೂಟಿನಲ್ಲಿ ಜಾಗವನ್ನೂ ಬಹಳ ತಿನ್ನುತ್ತದೆ. ಪದೇ ಪದೇ ಉಳುಕಿ ಲಿಗಮೆಂಟ್ (ಎಲುಬುಗಳನ್ನು ಜೋಡಿಸುವ ಕಟ್ಟು) ಜೋಲುಬಿದ್ದ ಕಾಲಿಗೆ ಇದರ ವಿಚಾರ ಮಾಡಬಹುದು. ಒಂದೆರಡು ಸಲ ಉಳುಕಿದ ಕಾಲಿಗೆ ಅಷ್ಟು ಖರ್ಚು ಬೇಡ.

ನಾಲ್ಕನೆಯದೇ ಇಲ್ಲಿಯ ನಾಯಕ: ಬೂಟಿನಂತೆ ಲೇಸ್ ಕಟ್ಟುವ, ಮೇಲೆ ಎರಡು ಪಟ್ಟಿ ಸುತ್ತುವ ನೈಲಾನ್ ಬ್ರೇಸ್. ಮ್ಯಾಕ್‌ಡೇವಿಡ್ 195 ಇದರ ಹೆಸರಾಂತ ಮಾದರಿ, ಅದೇ ಅಚ್ಚಿನವು ಬೇರೆ ಕಂಪನಿಗಳಿಂದಲೂ ಬರುತ್ತವೆ. ಇದರ ಪರವಾಗಿ ಬರೀ ಜಾಹೀರಾತಲ್ಲ, ಪುರಾವೆಯೂ ಇದೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ 46 ಹೈಸ್ಕೂಲುಗಳ 1,460 ಬಾಸ್ಕೆಟ್‌ಬಾಲ್ ಆಟಗಾರರನ್ನು ಎರಡು ಗುಂಪು ಮಾಡಿ ಒಂದಕ್ಕೆ ಈ ಬ್ರೇಸ್ ಕೊಟ್ಟು ಒಂದು ಸೀಸನ್ ಗಮನಿಸಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಸಾವಿರ ಸಲ ಆಟಕ್ಕೋ ಅಭ್ಯಾಸಕ್ಕೋ ಇಳಿದರೆ ಬ್ರೇಸ್ ಇಲ್ಲದವರಲ್ಲಿ 1.41 ಕಾಲುಗಂಟಿನ ಗಾಯ, ಕಟ್ಟಿದವರಲ್ಲಿ 0.47. ಮೂರರಲ್ಲಿ ಒಂದು ಪಾಲು. ಹಿಂದೆ ಉಳುಕಿದ್ದ ಕಾಲಿಗೂ ಲಾಭವಾಯಿತು, ಉಳುಕದ ಕಾಲಿಗೂ ಆಯಿತು. ಆದರೆ ಬ್ರೇಸ್ ಕಟ್ಟಿಯೂ ಉಳುಕಿದವರ ಗಾಯದ ತೀವ್ರತೆ ಕಡಿಮೆಯಾಗಿರಲಿಲ್ಲ, ಮೊಣಕಾಲಿನ ಗಾಯದಲ್ಲೂ ವ್ಯತ್ಯಾಸ ಕಾಣಲಿಲ್ಲ. ಅಂಗಡಿಯವರು ಹೇಳದೆ ಬಿಡುವ ಅರ್ಧ ಇದು.

ಕೊಳ್ಳುವುದು ಎಲ್ಲಿ ಅನ್ನುವ ಪ್ರಶ್ನೆ. ಆಸ್ಪತ್ರೆ ಸುತ್ತಲಿನ ಸರ್ಜಿಕಲ್ ಅಂಗಡಿಗಳಲ್ಲಿ ಕೇಳಿದರೆ ಮೊದಲು ಕೈಗಿಡುವುದು ಎಲಾಸ್ಟಿಕ್ ಆ್ಯಂಕ್ಲೆಟ್, ಇಲ್ಲವೇ ಮೂಳೆ ಮುರಿದವರಿಗೆ ಕೊಡುವ ದಪ್ಪ ಸ್ಪ್ಲಿಂಟ್. ಖಡೇಬಜಾರ್ ಕಡೆ ಆಟದ ಸಾಮಾನಿನ ಅಂಗಡಿಯಲ್ಲಿ ‘ಲೇಸ್ ಇರೋದು, ಪಟ್ಟಿ ಇರೋದು’ ಅಂತ ಎರಡೂ ಹೇಳಿ ಕೇಳಬೇಕು. ಬರೀ ಲೇಸ್ ಇದ್ದು ಪಟ್ಟಿ ಇಲ್ಲದ್ದೂ ಬರುತ್ತದೆ, ಅದು ಅರ್ಧ ಕೆಲಸದ್ದು. ಆನ್‌ಲೈನಲ್ಲಿ ತರಿಸುವವರು ಅಳತೆಯ ಪಟ್ಟಿಯನ್ನು ಎರಡು ಸಲ ಓದಿ: ಕೆಲವರು ಬೂಟಿನ ನಂಬರಿನ ಮೇಲೆ ಸೈಜ್ ಕೊಡುತ್ತಾರೆ, ಕೆಲವರು ಗಂಟಿನ ಮೇಲಿನ ಸುತ್ತಳತೆಯ ಮೇಲೆ, ಇನ್ನು ಕೆಲವರು ಹಿಮ್ಮಡಿಯ ತುದಿಯಿಂದ ಪಾದದ ಮೇಲ್ಭಾಗಕ್ಕೆ ಓರೆಯಾಗಿ ಸುತ್ತಿದ ಅಳತೆಯ ಮೇಲೆ. ಒಂದರ ಅಳತೆಯಲ್ಲಿ ಇನ್ನೊಂದನ್ನು ತರಿಸಿದರೆ ವಾಪಸ್ ಕಳಿಸುವ ಕೆಲಸ ಗ್ಯಾರಂಟಿ. ದರ್ಜಿಯ ಟೇಪ್ ಸಾಕು. ಅಳೆಯುವುದು ಬೆಳಿಗ್ಗೆ ಎದ್ದಾಗ ಅಲ್ಲ, ಸಂಜೆ ಆಡಿ ಬಂದ ಮೇಲೆ, ಆಡುವಾಗ ಹಾಕುವ ಸಾಕ್ಸ್ ಹಾಕಿಕೊಂಡೇ. ದಿನವಿಡೀ ನಿಂತ ಪಾದಕ್ಕೂ ಬೆಳಗಿನ ಪಾದಕ್ಕೂ ವ್ಯತ್ಯಾಸ ಇರುತ್ತದೆ. ಎರಡು ಸೈಜಿನ ನಡುವೆ ಬಿದ್ದರೆ ಚಿಕ್ಕದನ್ನೇ ಆರಿಸಿ. ನೈಲಾನ್ ನಾಲ್ಕು ವಾರದಲ್ಲಿ ಕಾಲಿನ ಆಕಾರಕ್ಕೆ ಬಗ್ಗುತ್ತದೆ, ದೊಡ್ಡದು ಮುಂದೆಂದೂ ಬಿಗಿಯಾಗುವುದಿಲ್ಲ. ಲೇಸಿನ ಎರಡು ಅಂಚು ಒಂದಕ್ಕೊಂದು ಪೂರ್ತಿ ತಾಗಿದರೆ ಬ್ರೇಸ್ ದೊಡ್ಡದಾಯಿತು ಅಂತಲೇ ಅರ್ಥ, ನಡುವೆ ಎರಡು ಬೆರಳಿನಷ್ಟು ತೆರಪಿರಬೇಕು.

ಕಟ್ಟುವ ಕ್ರಮದಲ್ಲೇ ಬಹಳ ಜನ ತಪ್ಪುತ್ತಾರೆ. ಸರಿಯಾದದ್ದು ಹೀಗೆ. ತೆಳು ಸಾಕ್ಸ್ ಒಂದೇ ಒಂದು, ಸುಕ್ಕಿಲ್ಲದಂತೆ ಎಳೆದು ಹಾಕಿ. ಕುರ್ಚಿಯ ಮೇಲೆ ಕೂತು ಹಿಮ್ಮಡಿ ನೆಲಕ್ಕೆ ಊರಿ, ಕಾಲ್ಬೆರಳು ನಿಮ್ಮ ಕಡೆಗೆ ಎಳೆದುಕೊಳ್ಳಿ, ಪಾದ ಕಾಲಿಗೆ ಲಂಬಕೋನದಲ್ಲಿ ನಿಲ್ಲಬೇಕು. ಮಂಚದ ಮೇಲೆ ಕಾಲು ಚಾಚಿ ಕಟ್ಟಿದರೆ ಪಾದ ಕೆಳಮುಖವಾಗಿರುತ್ತದೆ. ಎದ್ದು ನಿಂತ ಕ್ಷಣ ಎಲ್ಲ ಬಿಗಿ ಸಡಿಲಾಗುತ್ತದೆ. ಹಿಮ್ಮಡಿ ಬ್ರೇಸಿನ ಹಿಂದಿನ ರಂಧ್ರದಲ್ಲಿ ಸರಿಯಾಗಿ ಕೂತಿದೆಯೇ ನೋಡಿ, ನಾಲಗೆ ಮಡಚದಂತೆ ಸವರಿ, ಲೇಸನ್ನು ಕೆಳಗಿನಿಂದ ಮೇಲಕ್ಕೆ ಒಂದೊಂದೇ ಜೋಡಿ ಎಳೆಯುತ್ತಾ ಬನ್ನಿ. ಬೆರಳ ಕಡೆಯ ಎರಡು ಜೋಡಿ ಹಗುರ, ಗಂಟಿನ ಮಟ್ಟದ್ದು ಗಟ್ಟಿ, ಮೇಲಿನದು ಮಧ್ಯಮ. ಕೆಳಗೇ ಗಟ್ಟಿ ಎಳೆದರೆ ಪಾದದ ಮೇಲಿನ ನರ ಒತ್ತಿ ಬೆರಳು ಜುಮುಗುಡುತ್ತವೆ. ಆಗ ಆಟಗಾರ ನಡುವೆ ಕೂತು ಬಿಚ್ಚುತ್ತಾನೆ, ಮತ್ತೆ ಕಟ್ಟುವ ತಾಳ್ಮೆ ಇರದೆ ಬ್ರೇಸ್ ಇಲ್ಲದೆಯೇ ಇಳಿಯುತ್ತಾನೆ.

ಪಟ್ಟಿಯ ವಿಚಾರ ಇನ್ನೂ ಮುಖ್ಯ. ಉಳುಕುವುದು ಬಹುತೇಕ ಪಾದದ ಅಂಗಾಲು ಒಳಕ್ಕೆ ತಿರುಗಿ, ದೇಹದ ಭಾರ ಹೊರಗಂಟಿನ ಮೇಲೆ ಬಿದ್ದಾಗ. ಹರಿಯುವುದು ಹೊರಗಂಟಿನ ಮುಂದಿನ ಲಿಗಮೆಂಟ್. ಹಾಗಾಗಿ ಪಟ್ಟಿ ಅಂಗಾಲಿನಡಿಯಿಂದ ಹೊರಮಗ್ಗಲಿಗೆ ಬಂದು, ಅಲ್ಲಿಂದ ಮೇಲಕ್ಕೆ ಎಳೆಯುವಂತೆ ಇರಬೇಕು. ಪಾದದ ಹೊರ ಅಂಚನ್ನು ಯಾರೋ ಹಗ್ಗ ಕಟ್ಟಿ ಮೇಲಕ್ಕೆತ್ತಿ ಹಿಡಿದಂತೆ. ಎರಡು ಪಟ್ಟಿಯಲ್ಲಿ ಈ ಹೊರಗಿನದನ್ನು ಕೊನೆಗೆ ಕಟ್ಟಿ, ಇದನ್ನೇ ಹೆಚ್ಚು ಬಿಗಿಯಿರಿ. ಉಲ್ಟಾ ಎಳೆದರೆ ಪಾದವನ್ನು ನೀವೇ ಉಳುಕಿನ ದಿಕ್ಕಿಗೆ ತಳ್ಳಿದ ಹಾಗೆ. ಅಂಗಡಿಯಲ್ಲಿ ಸೇಲ್ಸ್‌ಮನ್ ಕಟ್ಟಿ ತೋರಿಸುವಾಗಲೇ ಇದು ತಲೆಕೆಳಗಾಗುವುದುಂಟು. ಕೊನೆಗೆ ಮೇಲಿನ ಎಲಾಸ್ಟಿಕ್ ಪಟ್ಟಿಯಿಂದ ಲೇಸಿನ ಗಂಟು, ಪಟ್ಟಿಯ ತುದಿ ಎರಡನ್ನೂ ಮುಚ್ಚಿ. ಎದ್ದು ಹತ್ತು ಸಲ ಕುಕ್ಕರುಗಾಲಲ್ಲಿ ಕೂತೆದ್ದರೆ ಎಲ್ಲಿ ಸಡಿಲ ಅನ್ನುವುದು ಗೊತ್ತಾಗುತ್ತದೆ. ವಾರ್ಮ್‌ಅಪ್ ಮುಗಿದ ಮೇಲೆ ಒಮ್ಮೆ, ಹಾಫ್‌ಟೈಮಿನಲ್ಲಿ ಒಮ್ಮೆ ಪಟ್ಟಿ ಮಾತ್ರ ಬಿಚ್ಚಿ ಮತ್ತೆ ಎಳೆಯಬೇಕು. ಟೇಪಿಗಿಂತ ಬ್ರೇಸ್ ಮೇಲು ಅನ್ನುವುದಕ್ಕೆ ಈ ಸವಲತ್ತೇ ದೊಡ್ಡ ಕಾರಣ: ಸಡಿಲಾದದ್ದನ್ನು ಬೂಟು ಬಿಚ್ಚದೆ ಅರ್ಧ ನಿಮಿಷದಲ್ಲಿ ಆಟಗಾರನೇ ಸರಿಮಾಡಿಕೊಳ್ಳಬಹುದು.

ಬೂಟಿನ ಜಾಗ ಯಾರೂ ಲೆಕ್ಕಕ್ಕೆ ಹಿಡಿಯದ ಖರ್ಚು. ಈಗಿರುವ ಬೂಟು ಬೆರಳಿಗೆ ಸರಿಯಾಗಿದ್ದರೆ ಬ್ರೇಸ್ ಹಾಕಿದ ಮೇಲೆ ಬಿಗಿಯಾಗುತ್ತದೆ, ಅರ್ಧ ಸೈಜ್ ದೊಡ್ಡದು ಬೇಕು. ದುಡ್ಡು ಉಳಿಸಲು ಕೆಲವರು ಬೂಟಿನ ಒಳಗಿನ ಮೆತ್ತನೆಯ ಅಟ್ಟೆ ತೆಗೆದು ಬ್ರೇಸಿಗೆ ಜಾಗ ಮಾಡುತ್ತಾರೆ. ಸಿಮೆಂಟ್ ಕೋರ್ಟಿನಲ್ಲಿ ಇದು ಕೆಟ್ಟ ಉಳಿತಾಯ. ಕಾಲುಗಂಟು ಉಳಿಯುತ್ತದೆ, ಹಿಮ್ಮಡಿ ಮತ್ತು ಮೊಣಕಾಲು ಬೆಲೆ ತೆರುತ್ತವೆ. ಹೈ ಆ್ಯಂಕಲ್ ಬೂಟು ಇದ್ದರೆ ಬ್ರೇಸ್ ಯಾಕೆ ಅನ್ನುವವರಿಗೆ: ಬೂಟಿನ ಎತ್ತರದ ಕೊರಳು ಮೆತ್ತನೆಯದು, ಮೂರು ತಿಂಗಳಲ್ಲಿ ಸೊಪ್ಪಾಗುತ್ತದೆ. ಬ್ರೇಸಿನ ಜೊತೆಗೆ ಲೋ ಕಟ್ ಬೂಟೇ ಸಲೀಸು.

ಇಲ್ಲಿಯ ಹವೆಯಲ್ಲಿ ಅದರ ಬಾಳಿಕೆ ಎರಡು ಕಡೆಯಿಂದ ಸವೆಯುತ್ತದೆ. ಒಂದು, ಕೆಂಪು ಮಣ್ಣು. ಮೈದಾನದ ಅಂಚಿನಿಂದ ಕೋರ್ಟಿಗೆ ಹಾರಿ ಬರುವ ನುಣುಪು ಧೂಳು ವೆಲ್ಕ್ರೋದ ಮುಳ್ಳಿನೊಳಗೆ ಸೇರಿ, ಸಾಕ್ಸಿನ ನೂಲಿನ ಜೊತೆ ಗಂಟಾಗಿ, ಪಟ್ಟಿ ಎಳೆದಷ್ಟೂ ಜಾರುತ್ತದೆ. ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ವಾರಕ್ಕೊಮ್ಮೆ ಕೆದಕಿ ತೆಗೆದರೆ ಹೊಸದರಂತೆ ಕಚ್ಚುತ್ತದೆ. ‘ವೆಲ್ಕ್ರೋ ಹೋಯ್ತು’ ಅಂತ ಎಸೆದ ಬ್ರೇಸುಗಳಲ್ಲಿ ಅರ್ಧಕ್ಕೆ ಬೇಕಿದ್ದದ್ದು ಈ ಬ್ರಶ್ಶು. ಇನ್ನೊಂದು, ಜೂನಿನಿಂದ ಸೆಪ್ಟೆಂಬರಿನ ತೇವ. ಬೆವರಿದ ಬ್ರೇಸನ್ನು ಕಿಟ್ ಬ್ಯಾಗಿನಲ್ಲೇ ಬಿಟ್ಟರೆ ಎರಡೇ ದಿನದಲ್ಲಿ ವಾಸನೆ, ವಾರದಲ್ಲಿ ಬೂಸ್ಟು, ಆಮೇಲೆ ಪಾದದ ಮೇಲೆ ಗಜಕರ್ಣ. ತಣ್ಣೀರು, ಸೌಮ್ಯ ಸೋಪು, ಕೈಯಿಂದಲೇ ಒಗೆತ, ಪಟ್ಟಿಗಳನ್ನು ಅಂಟಿಸಿಯೇ ಒಗೆಯಬೇಕು. ಫ್ಯಾನಿನ ಕೆಳಗೆ ನೇತುಹಾಕಿ. ಒಲೆಯ ಪಕ್ಕ, ಇಸ್ತ್ರಿ ಪೆಟ್ಟಿಗೆ ಎರಡೂ ಬೇಡ. ಪಕ್ಕದಲ್ಲಿ ಪ್ಲಾಸ್ಟಿಕ್ ಪಟ್ಟಿ ಇರುವ ಬ್ರೇಸಾದರೆ, ಅದು ಬಾಗಿದ ಮೇಲೆ ಮತ್ತೆ ನೆಟ್ಟಗಾಗದು. ಮೊದಲು ಹರಿಯುವುದು ಲೇಸು, ಗಂಟಿನ ಮಟ್ಟದ ತೂತಿನ ಹತ್ತಿರ. ಮೊದಲು ಸಡಿಲುವುದು ಹೊರಗಿನ ಪಟ್ಟಿ. ಅದನ್ನು ಕೊನೆಯವರೆಗೂ ಎಳೆದರೂ ವೆಲ್ಕ್ರೋದ ತುದಿ ದಾಟಿ ಹೋಗುತ್ತಿದ್ದರೆ ಹೊಸದು ಕೊಳ್ಳುವ ಕಾಲ ಬಂತು.

ವಸ್ತುವಿನ ಲೆಕ್ಕ ಇಲ್ಲಿಗೆ ಮುಗಿಯಿತು. ಒಂದೆರಡು ಸಲ ಉಳುಕಿದ ಕಾಲಿಗೆ ಈ ಬ್ರೇಸ್ ಕೊಟ್ಟ ದುಡ್ಡಿಗೆ ಪೂರ್ತಿ ಕೆಲಸ ಮಾಡುತ್ತದೆ. ಕಟ್ಟಿ ಕಟ್ಟಿ ಕಾಲು ಸೋಮಾರಿಯಾಗುತ್ತದೆ ಅನ್ನುವ ಹಳೆಯ ಕೋಚುಗಳ ಮಾತಿಗೆ ಗಟ್ಟಿ ಆಧಾರವೂ ಇಲ್ಲ. ಹಾಗಾದರೆ ಆ ಎರಡು ಷರತ್ತು ಯಾವುವು? ಕಾಕಾನ ಗಾಯ ಕಾಲುಗಂಟಿನ ಉಳುಕೇ ಆಗಿರಬೇಕು, ಮತ್ತು ಅದು ಬ್ರೇಸ್ ಬಿಚ್ಚಿದಾಗಲೂ ವಾಸಿಯಾಗಿರಬೇಕು.

ಮೊದಲ ಮಾತನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಬೆಂಚಿನ ವಾದಗಳಲ್ಲಿ ಎಲ್ಲ ಗಾಯವೂ ‘ಕಾಲು ಹೋಗಿತ್ತು’ ಅನ್ನುವ ಒಂದೇ ಚೀಲಕ್ಕೆ ಬೀಳುತ್ತದೆ. ‘ಕೋಬಿ ವಾಪಸ್ ಬರಲಿಲ್ಲೇನು?’ ಅನ್ನುತ್ತಾರೆ. ಎನ್‌ಬಿಎ ತಾರೆ ಕೋಬಿ ಬ್ರಯಂಟ್‌ಗೆ 2013ರ ಏಪ್ರಿಲ್ 12ರಂದು ಹರಿದದ್ದು ಮೀನಖಂಡವನ್ನು ಹಿಮ್ಮಡಿಗೆ ಜೋಡಿಸುವ ಅಕಿಲಿಸ್ ಸ್ನಾಯುರಜ್ಜು, ಆಗ ಅವರಿಗೆ 34 ವರ್ಷ. ಡಿಸೆಂಬರ್ 8ಕ್ಕೆ ಮರಳಿದರು. ಆರೇ ಪಂದ್ಯ, ಅದೇ ಎಡಗಾಲಿನ ಮೊಣಕಾಲಿನ ಎಲುಬು ಬಿರುಕುಬಿಟ್ಟು ಆ ಸೀಸನ್ ಅಲ್ಲಿಗೇ ಮುಗಿಯಿತು. ವಾದದ ಇನ್ನೊಂದು ಪಕ್ಷದವರು ಇನ್ನೊಬ್ಬ ಎನ್‌ಬಿಎ ತಾರೆ ಕೆವಿನ್ ಡುರಾಂಟ್ ಹೆಸರು ತೆಗೆಯುತ್ತಾರೆ, ಅವರ ಉದಾಹರಣೆಯೇ ಹೆಚ್ಚು ಪಾಠದ್ದು. 2019ರ ಮೇ 8ರಂದು ಬಲಗಾಲಿನ ಮೀನಖಂಡಕ್ಕೆ ಪೆಟ್ಟು. ತಿಂಗಳ ಮೇಲೆ, ಜೂನ್ 10ರಂದು ಫೈನಲ್ಸಿನ ಐದನೇ ಪಂದ್ಯಕ್ಕೆ ಇಳಿದರು. ಹನ್ನೆರಡು ನಿಮಿಷದಲ್ಲಿ 11 ಅಂಕ, ಆಮೇಲೆ ಅದೇ ಬಲಗಾಲಿನ ಅಕಿಲಿಸ್ ಹರಿಯಿತು. ಮುಂದಿನ ಸೀಸನ್ ಪೂರ್ತಿ ಹೊರಗೆ. ದುಬಾರಿ ವೈದ್ಯ ತಂಡ ಪಕ್ಕದಲ್ಲಿದ್ದಾಗಲೂ ಹೀಗಾಯಿತು. ಇದಕ್ಕೆ ಯಾವ ಬೆಲ್ಟೂ ಆಸರೆಯಲ್ಲ. ಬ್ರೇಸ್ ಹಿಡಿಯುವುದು ಪಾದದ ಅಡ್ಡ ಹೊರಳನ್ನು. ಅಕಿಲಿಸ್ ಹರಿಯುವುದು ಹಿಂದಿಟ್ಟ ಪಾದದಿಂದ ಮುಂದಕ್ಕೆ ಚಿಮ್ಮುವಾಗ, ಮೀನಖಂಡ ಹಿಗ್ಗುತ್ತಿರುವಾಗಲೇ ಎಳೆದುಕೊಂಡಾಗ. ಎರಡೂ ಬೇರೆ ದಿಕ್ಕು, ಬೇರೆ ಬಲ.

ಒಳ್ಳೆಯ ಉದಾಹರಣೆಗಳೂ ಇವೆ, ಮುಚ್ಚಿಡಬೇಕಿಲ್ಲ. ಡೊಮಿನಿಕ್ ವಿಲ್ಕಿನ್ಸ್ 1992ರ ಜನವರಿಯಲ್ಲಿ, 32ನೇ ವಯಸ್ಸಿನಲ್ಲಿ ಅಕಿಲಿಸ್ ಹರಿದುಕೊಂಡು, ಮುಂದಿನ ಸೀಸನ್ನಿನಲ್ಲಿ ಪಂದ್ಯಕ್ಕೆ ಸರಾಸರಿ 29.9 ಅಂಕ ಹೊಡೆದರು. ಕ್ಲೇ ಥಾಂಪ್ಸನ್ 2019ರ ಜೂನಿನಲ್ಲಿ ಎಡ ಮೊಣಕಾಲಿನೊಳಗಿನ ಎಸಿಎಲ್ ಅನ್ನುವ ಲಿಗಮೆಂಟ್, 2020ರ ನವೆಂಬರಿನಲ್ಲಿ ಬಲಗಾಲಿನ ಅಕಿಲಿಸ್ ಎರಡನ್ನೂ ಕಳೆದುಕೊಂಡು 2022ರ ಜನವರಿ 9ಕ್ಕೆ ಮರಳಿದರು. ಅದೇ ವರ್ಷ ಅವರ ತಂಡ ಗೋಲ್ಡನ್ ಸ್ಟೇಟ್ ಎನ್‌ಬಿಎ ಚಾಂಪಿಯನ್. ನಡುವೆ ಹೋದದ್ದು ಎರಡೂವರೆ ವರ್ಷ. ಅಭಿಮಾನಿಗಳಿಗೆ ಚಾಂಪಿಯನ್ ಆದದ್ದು ನೆನಪಿರುತ್ತದೆ, ಆ ಎರಡೂವರೆ ವರ್ಷ ನೆನಪಿರುವುದಿಲ್ಲ. ಕರಿ ವಿಷಯದಲ್ಲೂ ಹಾಗೆಯೇ. 2011 ಮತ್ತು 2012ರಲ್ಲಿ ಬಲಗಾಲಿನ ಗಂಟಿಗೆ ಎರಡು ಶಸ್ತ್ರಚಿಕಿತ್ಸೆ ಆಯಿತು. ಆಮೇಲೆ ಬ್ರೇಸ್ ಅಷ್ಟೇ ಅಲ್ಲ, ಸೊಂಟ ತೊಡೆಗಳ ಬಲ ಬೆಳೆಸುವ ವ್ಯಾಯಾಮವೂ ನಡೆಯಿತು. ಕ್ಯಾಮೆರಾಕ್ಕೆ ಕಾಣುವುದು ಬ್ರೇಸ್ ಮಾತ್ರ.

ಮೊಣಕಾಲಿನ ಗಾಯಕ್ಕೆ ‘ನೀ ಕ್ಯಾಪ್ ಹಾಕ್ಕೊಂಡ್ ಬರ್ರಿ’ ಅನ್ನುವವರಿಗೆ ಉತ್ತರ ಚಿಕ್ಕದು. ನೀ ಕ್ಯಾಪ್ ಬೆಚ್ಚಗಿಡುತ್ತದೆ, ಹರಿದ ಎಸಿಎಲ್ ಕೆಲಸ ಮಾಡುವುದಿಲ್ಲ. ಎಸಿಎಲ್ ಶಸ್ತ್ರಚಿಕಿತ್ಸೆಯಾದವರಿಗೆ ಲೆಕ್ಕ ಇನ್ನೂ ಕಟುವಾದದ್ದು. 2016ರ ಒಂದು ಅಧ್ಯಯನದಲ್ಲಿ, ಒಂಬತ್ತು ತಿಂಗಳ ತನಕ ಮರಳುವುದನ್ನು ಒಂದೊಂದು ತಿಂಗಳು ಮುಂದೂಡಿದಂತೆ ಮತ್ತೆ ಮೊಣಕಾಲು ಗಾಯವಾಗುವ ಪ್ರಮಾಣ 51 ಪ್ರತಿಶತದಂತೆ ಇಳಿಯುತ್ತಾ ಹೋಯಿತು. ಆರು ತಿಂಗಳಿಗೇ ಕಾಕಾನನ್ನು ಎಬ್ಬಿಸಿ ತರುವವರು ಇದನ್ನು ಓದಿ ಆಮೇಲೆ ಫೋನ್ ಮಾಡಲಿ.

ಇನ್ನು ಎರಡನೇ ಷರತ್ತು, ಬ್ರೇಸ್ ಬಿಚ್ಚಿ ಮಾಡುವ ಪರೀಕ್ಷೆ. ಗೋಡೆ, ಸೀಮೆಸುಣ್ಣ, ದರ್ಜಿಯ ಟೇಪ್ ಇದ್ದರೆ ಕೋರ್ಟಿನ ಅಂಚಿನಲ್ಲೇ ಆಗುತ್ತದೆ. ಬಾವು ಇರುವಾಗ, ಊರಿ ನಾಲ್ಕು ಹೆಜ್ಜೆ ನಡೆಯಲಾಗದಿರುವಾಗ, ಗಂಟಿನ ಎಲುಬಿನ ಹಿಂದಿನ ಅಂಚು ಒತ್ತಿದರೆ ನೋಯುವಾಗ ಇದಾವುದೂ ಬೇಡ. ಅಂಥವರು ಮೊದಲು ಎಕ್ಸ್‌ರೇಗೆ ಹೋಗಬೇಕು.

ಗೋಡೆಯ ಪರೀಕ್ಷೆ ಮೊದಲು. ಗೋಡೆಗೆ ಎದುರಾಗಿ ನಿಂತು, ಹಿಮ್ಮಡಿ ಎತ್ತದೆ ಮೊಣಕಾಲು ಗೋಡೆಗೆ ತಾಗಿಸಬೇಕು. ತಾಗಿದರೆ ಪಾದವನ್ನು ಒಂದು ಸೆಂಟಿಮೀಟರ್ ಹಿಂದೆ ಸರಿಸಿ ಮತ್ತೆ. ತಾಗುವ ಕೊನೆಯ ಜಾಗದಲ್ಲಿ ಹೆಬ್ಬೆರಳ ತುದಿಯಿಂದ ಗೋಡೆಗೆ ಎಷ್ಟು ಅಂತ ಅಳೆಯಿರಿ. ಹತ್ತು ಸೆಂಟಿಮೀಟರ್ ಆಸುಪಾಸು ಇದ್ದರೆ ಸರಿ. ಅಂಕಿಗಿಂತ ಎರಡು ಕಾಲಿನ ವ್ಯತ್ಯಾಸ ಮುಖ್ಯ: ಎರಡು ಸೆಂಟಿಮೀಟರ್ ದಾಟಿದರೆ ಕೀಲು ಇನ್ನೂ ಬಿಗಿದುಕೊಂಡಿದೆ. ಬಿಗಿದ ಕೀಲು ಹಾರಿ ಇಳಿಯುವಾಗಿನ ಹೊಡೆತವನ್ನು ಮೊಣಕಾಲಿಗೆ ದಾಟಿಸುತ್ತದೆ.

ಆಮೇಲೆ ಒಂಟಿಕಾಲಲ್ಲಿ ಹಿಮ್ಮಡಿ ಎತ್ತುವುದು. ಗೋಡೆಗೆ ಎರಡು ಬೆರಳು ಮಾತ್ರ ತಾಗಿಸಿ, ಎರಡು ಸೆಕೆಂಡಿಗೊಂದು. ಹುರುಪಿನ ವಯಸ್ಸಿನವರಿಗೆ 25 ಅನ್ನುವುದು ರೂಢಿಯ ಗುರಿ. ನಲವತ್ತು ದಾಟಿದವರಿಗೆ ಅದಕ್ಕಿಂತ ಕಡಿಮೆ ಬಂದರೆ ಗಾಬರಿ ಬೇಡ, ಒಳ್ಳೆಯ ಕಾಲಿನಷ್ಟು ಬಂದರೆ ಸಾಕು. ಎಣಿಕೆಯಲ್ಲಿ ಮೋಸ ನಡೆಯುವುದು ಎತ್ತರದಲ್ಲಿ. ಇಪ್ಪತ್ತು ಆಯಿತು ಅನ್ನುತ್ತಾರೆ, ಕೊನೆಯ ಎಂಟು ಅರ್ಧವೇ ಎತ್ತಿರುತ್ತಾರೆ. ಮೊದಲ ಸಲ ಪೂರ್ತಿ ಎತ್ತಿದಾಗ ತಲೆಯ ಮಟ್ಟಕ್ಕೆ ಗೋಡೆಯ ಮೇಲೆ ಗೆರೆ ಎಳೆದಿಡಿ, ಮುಟ್ಟದ್ದನ್ನು ಎಣಿಸಬೇಡಿ. ಎಲ್ಲ ಪರೀಕ್ಷೆಗಳಲ್ಲಿ ಹಿರಿಯ ಆಟಗಾರನಿಗೆ ಅತಿ ಬೇಕಾದದ್ದು ಇದು, ಮೀನಖಂಡದ ಸ್ಥಿತಿ ನೇರವಾಗಿ ಹೇಳುವುದು ಇದೇ.

ಮೂರನೆಯದಕ್ಕೆ ನೆಲದ ಮೇಲೆ ಇಂಗ್ಲಿಷಿನ ವೈ ಆಕಾರದ ಮೂರು ಗೆರೆ. ನಡುವೆ ಒಂಟಿಕಾಲಲ್ಲಿ ನಿಂತು, ಇನ್ನೊಂದು ಪಾದವನ್ನು ಮುಂದಕ್ಕೆ, ಹಿಂದಕ್ಕೆ ಎರಡೂ ಓರೆಗೆ ಚಾಚಿ, ಬೀಳದೆ ವಾಪಸ್ ತರಬೇಕು. ಮುಂದಕ್ಕೆ ಚಾಚಿದ ದೂರದಲ್ಲಿ ಎರಡು ಕಾಲಿಗೆ ನಾಲ್ಕು ಸೆಂಟಿಮೀಟರಿಗಿಂತ ಹೆಚ್ಚು ಅಂತರವಿದ್ದ ಹೈಸ್ಕೂಲ್ ಬಾಸ್ಕೆಟ್‌ಬಾಲ್ ಆಟಗಾರರಿಗೆ ಕಾಲಿನ ಗಾಯದ ಸಂಭವ ಎರಡೂವರೆ ಪಟ್ಟು ಅಂತ 2006ರ ಅಧ್ಯಯನವೊಂದು ಹೇಳಿತ್ತು. ಹುಡುಗರ ಲೆಕ್ಕ ಕಾಕಾಗೆ ಹಾಗೆಯೇ ಒಪ್ಪುತ್ತದೆ ಅಂತಲ್ಲ, ಆದರೆ ಅಂತರ ಕಂಡರೆ ಇಳಿಸುವ ಅವಸರ ಬೇಡ.

ಕೊನೆಯದು ಒಂಟಿಕಾಲಿನ ಜಿಗಿತ. ಒಂದು ಜಿಗಿತ, ಮೂರು ಸಾಲು ಜಿಗಿತ. ಗಾಯದ ಕಾಲು ಒಳ್ಳೆಯ ಕಾಲಿನ 90 ಪ್ರತಿಶತ ದಾಟಬೇಕು. ಒಳ್ಳೆಯದು 140 ಸೆಂಟಿಮೀಟರ್ ಹೋದರೆ ಗಾಯದ್ದು 126 ಆದರೂ ಹೋಗಬೇಕು, ಇಳಿದ ಮೇಲೆ ಎರಡು ಸೆಕೆಂಡ್ ಅಲ್ಲಾಡದೆ ನಿಲ್ಲಬೇಕು. ಇದರಲ್ಲೊಂದು ಬಲೆಯಿದೆ. ಮೂರು ತಿಂಗಳು ಕೂತ ಮನುಷ್ಯನ ಒಳ್ಳೆಯ ಕಾಲೂ ಕುಗ್ಗಿರುತ್ತದೆ. ಕುಗ್ಗಿದ ಕಾಲಿನ 90 ಪ್ರತಿಶತ ದಾಟಿ ‘ಪಾಸ್’ ಆದವನು ನಿಜಕ್ಕೂ ಎಲ್ಲಿಗೆ ಮರಳಿದ? ಅದಕ್ಕೇ ಸೀಸನ್ ಶುರುವಿನಲ್ಲಿ, ಎಲ್ಲರೂ ಗಟ್ಟಿಯಿದ್ದಾಗಲೇ, ಇಡೀ ತಂಡದ ಈ ಅಂಕಿಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುವುದು ಜಾಣತನ. ಖರ್ಚಿಲ್ಲದ ಕೆಲಸ, ಮಾಡುವ ತಂಡಗಳು ಮಾತ್ರ ಕಮ್ಮಿ.

ಈ ನಾಲ್ಕನ್ನೂ ಬ್ರೇಸ್ ಇಲ್ಲದೆ ದಾಟಿದವನು ಬ್ರೇಸ್ ಕಟ್ಟಿ ಇಳಿಯಲಿ. ಬ್ರೇಸ್ ಕಟ್ಟಿದರೆ ಮಾತ್ರ ದಾಟುತ್ತಾನೆ ಅಂದರೆ ಅವನಿನ್ನೂ ತಯಾರಿಲ್ಲ. ನೋವಿನ ಗುಳಿಗೆ ನುಂಗಿ ದಾಟುವುದೂ ಲೆಕ್ಕಕ್ಕಿಲ್ಲ. ಗುಳಿಗೆ ನೋವನ್ನು ಮುಚ್ಚುತ್ತದೆ, ಲಿಗಮೆಂಟನ್ನು ಹೊಲಿಯುವುದಿಲ್ಲ.

ಇಳಿಯುವುದಕ್ಕೂ ಮೆಟ್ಟಿಲಿವೆ. ಮೊದಲ ವಾರ ನಿಂತಲ್ಲಿಂದ ಶೂಟಿಂಗ್, ನೇರ ಓಟ. ಆಮೇಲೆ ದಿಕ್ಕು ಬದಲಿಸುವ ಓಟ, ಒಬ್ಬನೇ ಓಡಿ ಬಂದು ಹಾರಿ ಬುಟ್ಟಿಗೆ ಚೆಂಡು ಹಾಕಿ ಇಳಿಯುವ ಲೇಅಪ್. ಆಮೇಲೆ ಅರ್ಧ ಕೋರ್ಟಿನಲ್ಲಿ ಮೂವರೆದುರು ಮೂವರು. ಪೂರ್ತಿ ಪಂದ್ಯದಲ್ಲಿ ಮೊದಲು ಐದೈದು ನಿಮಿಷದ ಎರಡು ಸರದಿ, ಅದೂ ಮೊದಲರ್ಧದಲ್ಲಿ. ಒಂದು ಸರದಿ ಆಡಿ ಇಪ್ಪತ್ತು ನಿಮಿಷ ತಣ್ಣಗೆ ಬೆಂಚಿನಲ್ಲಿ ಕೂತವನನ್ನು ಕೊನೆಯ ಎರಡು ನಿಮಿಷಕ್ಕೆ ಎಬ್ಬಿಸಿ ಕಳಿಸುವುದು ನಮ್ಮ ತಂಡಗಳ ಹಳೆಯ ಚಾಳಿ, ಗಾಯಗಳು ಕಾದು ಕೂತಿರುವುದೂ ಅಲ್ಲೇ. ಪ್ರತಿ ಮೆಟ್ಟಿಲಿನ ನಂತರ ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಇಳಿದ ಮೊದಲ ಹತ್ತು ಹೆಜ್ಜೆ ಗಮನಿಸಿ. ಬಾವು ಹೆಚ್ಚಿದ್ದರೆ, ನಿನ್ನೆಗಿಂತ ಕುಂಟು ಜಾಸ್ತಿಯಿದ್ದರೆ ಒಂದು ಮೆಟ್ಟಿಲು ಹಿಂದೆ.

ಅಂಪೈರ್ ತಗಾದೆ ಮಾಡುತ್ತಾರಾ ಅಂತ ಕೇಳುವವರಿದ್ದಾರೆ. ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟವಾದ ಫಿಬಾದ ನಿಯಮದಲ್ಲಿ ಕಾಲುಗಂಟಿನ ಬ್ರೇಸಿಗೂ ಮೊಣಕಾಲಿನ ಬ್ರೇಸಿಗೂ ಅಡ್ಡಿಯಿಲ್ಲ. ಜಗಳ ಬರುವುದು ಕಾಲಿಗೆ ಏರಿಸುವ ಕಂಪ್ರೆಷನ್ ಸ್ಲೀವ್ ಮತ್ತು ಟೇಪಿನ ಬಣ್ಣಕ್ಕೆ: ತಂಡದ ಎಲ್ಲರದೂ ಒಂದೇ ಬಣ್ಣ ಇರಬೇಕು. ಕಾಕಾ ಕಪ್ಪು, ಹುಡುಗರು ಬಿಳಿ ಅಂದರೆ ಟೇಬಲ್ ಮುಂದೆ ನಿಂತು ಬಿಚ್ಚಬೇಕಾಗುತ್ತದೆ.

ಕಡೆಯದಾಗಿ, ಒಂದೇ ಕಾಲಿಗೆ ಸಾಕೋ ಎರಡಕ್ಕೂ ಬೇಕೋ? ಮ್ಯಾಕ್‌ಡೇವಿಡ್ 195ರಂಥವು ಎಡ ಬಲ ಎರಡಕ್ಕೂ ಆಗುತ್ತವೆ, ಒಂದನ್ನೇ ಕೊಳ್ಳಬಹುದು. ಆದರೂ ನಲವತ್ತರ ಪಿವಟ್‌ಗೆ ಎರಡು ತರಿಸಿ. ಬೋರ್ಡ್ ಕೆಳಗೆ ಯಾವ ಕಾಲು ಯಾರ ಬೂಟಿನ ಮೇಲೆ ಇಳಿಯುತ್ತದೆ ಅನ್ನುವುದು ಯಾರ ಕೈಯಲ್ಲೂ ಇಲ್ಲ. ಜೊತೆಗೆ ಹೆಚ್ಚಿನ ಒಂದು ಜೊತೆ ಲೇಸು ಕಿಟ್ ಬ್ಯಾಗಿನ ಪಕ್ಕದ ಜೇಬಿನಲ್ಲಿರಲಿ, ಅದು ಹರಿಯುವುದು ಯಾವಾಗಲೂ ಮೂರನೇ ಕ್ವಾರ್ಟರಿನಲ್ಲೇ.